ಕಾಣೆಯಾದ ಸೊನ್ನೆ: ಹಳೇ ಪಿಸಿಯ ಸೀರಿಯಲ್ ಪೋರ್ಟ್ ಚಿಪ್ಪಿನ ಜಾಡು ಹಿಡಿದು

ಯೂನಿವರ್ಸಿಟಿ ಲ್ಯಾಬುಗಳಲ್ಲಿ ಕೆಲಸ ಮಾಡುವವರಿಗೆ ಈ ಮೂಲೆ ಗೊತ್ತೇ ಇರುತ್ತೆ. ಒಂದು ಕಡೆ ಹೊಸ ಮಾನಿಟರುಗಳು, ಎತ್ತಿದರೆ ಭಾರವೇ ಅನಿಸದ ಲ್ಯಾಪ್‌ಟಾಪುಗಳು. ಇನ್ನೊಂದು ಕಡೆ, ಗೋಡೆಗೆ ಒತ್ತಿಕೊಂಡು, ಬಿಳಿ ಬಣ್ಣ ಹೋಗಿ ಹಳದಿಯಾದ ಒಂದು ಪಿಸಿ. ಅದರ ಮೇಲೆ ಟೇಪ್ ಹಾಕಿ ಅಂಟಿಸಿದ ಚೀಟಿ: "ದಯವಿಟ್ಟು ಆಫ್ ಮಾಡಬೇಡಿ". ಚೀಟಿ ಬರೆದವರು ಡಿಗ್ರಿ ಮುಗಿಸಿ ಹೋಗಿ ಎಷ್ಟೋ ವರ್ಷ ಆಗಿರುತ್ತೆ, ಪಿಸಿ ಮಾತ್ರ ಹಾಗೇ ಇದೆ. ಯಾಕಂದ್ರೆ ಅದರ ಹಿಂಭಾಗದಿಂದ ಹೊರಟ ಒಂಬತ್ತು ಪಿನ್ನಿನ ಕೇಬಲ್ ಹೋಗಿ ಸೇರೋದು ಒಂದು ತೂಕದ ಯಂತ್ರಕ್ಕೋ, ಸ್ಪೆಕ್ಟ್ರೋಮೀಟರಿಗೋ, ಫರ್ನೇಸಿನ ಕಂಟ್ರೋಲರಿಗೋ. ಉಪಕರಣ ಇನ್ನೂ ಗಟ್ಟಿಮುಟ್ಟಾಗಿದೆ. ಅದರ ಸಾಫ್ಟ್‌ವೇರ್ ಮಾತ್ರ ಡಾಸ್ ಅಥವಾ ವಿಂಡೋಸ್ 95 ಬಿಟ್ಟು ಬೇರೆಲ್ಲೂ ಓಡಲ್ಲ. ಹೊಸದು ತೆಗೆದುಕೊಳ್ಳೋಣ ಅಂದರೆ ಪ್ರೊಫೆಸರ್ ಮುಂದಿನ ಗ್ರಾಂಟ್ ಕಡೆ ಕೈ ತೋರಿಸ್ತಾರೆ. ಹೀಗೆ ಆ ಪಿಸಿ ಒಬ್ಬ ಸ್ಟೂಡೆಂಟಿನಿಂದ ಇನ್ನೊಬ್ಬರಿಗೆ ಪಿತ್ರಾರ್ಜಿತ ಆಸ್ತಿಯ ಥರ ಬರುತ್ತೆ, ಸಾಲದ ಸಮೇತ.

ಆ ಸಾಲದಲ್ಲಿ ಹೆಚ್ಚು ಜನ ಗಮನಿಸದ ಒಂದು ಬಾಬ್ತು ಅಂದರೆ ಸೀರಿಯಲ್ ಪೋರ್ಟಿನ ಹಿಂದೆ ಕೂತಿರುವ ಚಿಪ್. ಅದರ ಹೆಸರು ಯುವಾರ್ಟ್. ಪೋರ್ಟ್ ಕೆಲಸ ಮಾಡದೇ ಇದ್ದರೆ ಯಾರಿಗಾದರೂ ಗೊತ್ತಾಗುತ್ತೆ, ಯಾರಾದರೂ ರಿಪೇರಿ ಮಾಡ್ತಾರೆ. ತೊಂದರೆ ಇರೋದು ಅದು ಮುಕ್ಕಾಲು ಪಾಲು ಸರಿಯಾಗಿ ಕೆಲಸ ಮಾಡಿದಾಗ.

ನಮ್ಮ ಬಳಗದ ಒಬ್ಬ ಗೆಳತಿಯ ಲ್ಯಾಬಿನಲ್ಲಿ ನಡೆದದ್ದನ್ನೇ ಹೇಳ್ತೀನಿ. ತೂಕದ ಯಂತ್ರ ಸೀರಿಯಲ್ ಕೇಬಲ್ ಮೂಲಕ ವಿಂಡೋಸ್ 95 ಇದ್ದ ಒಂದು 486 ಪಿಸಿಗೆ ತೂಕ ಕಳಿಸುತ್ತಿತ್ತು, ಪಿಸಿ ಅದನ್ನು ಫೈಲಿಗೆ ಬರೆಯುತ್ತಿತ್ತು. ಒಂದು ದಿನ 152.407 ಅಂತ ಯಂತ್ರದ ಮೇಲೆ ಕಂಡ ಅಂಕಿ ಫೈಲಿನಲ್ಲಿ 152.47 ಅಂತ ಇತ್ತು. ನಡುವಿನ ಸೊನ್ನೆ ಮಾಯ. ಇದು ಎಷ್ಟು ಕೆಟ್ಟ ತಪ್ಪು ನೋಡಿ. ಅಕ್ಷರ ಕಲಸಿ ಕಸವಾಗಿ ಬಂದಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಆದರೆ 152.47 ಅನ್ನೋದು ನೋಡೋಕೆ ಮರ್ಯಾದಸ್ಥ ಸಂಖ್ಯೆ. ಎಕ್ಸೆಲ್ ಅದನ್ನು ಒಪ್ಪಿಕೊಳ್ಳುತ್ತೆ, ಸರಾಸರಿ ತೆಗೆಯುತ್ತೆ, ಗ್ರಾಫ್ ಹಾಕುತ್ತೆ. ಆ ಹೊತ್ತಿಗಾಗಲೇ ತೂಗಿದ ಸ್ಯಾಂಪಲ್ಲುಗಳಲ್ಲಿ ಕೆಲವನ್ನು ಆಸಿಡ್ಡಿನಲ್ಲಿ ಕರಗಿಸಿ ಆಗಿತ್ತು. ಕರಗಿದ್ದನ್ನು ಮತ್ತೆ ತೂಗೋಕೆ ಆಗಲ್ಲವಲ್ಲ.

ಹಳೇ ಕಂಪ್ಯೂಟರ್ ಅಂದಮೇಲೆ ಹೀಗೇ ಅಂತ ಕೈ ಚೆಲ್ಲುವ ಮುಂಚೆ, ಒಳಗೆ ಏನಾಗುತ್ತಿದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗೀತು.

ದೋಸೆ, ಮಾಣಿ ಮತ್ತು ಕಿಟಕಿ

ಸೀರಿಯಲ್ ತಂತಿಯಲ್ಲಿ ಬಿಟ್ಟುಗಳು ಒಂದರ ಹಿಂದೆ ಒಂದು ಬರುತ್ತವೆ. ಅವನ್ನು ಎಂಟೆಂಟು ಸೇರಿಸಿ ಒಂದು ಬೈಟ್ ಮಾಡಿ ಪ್ರೊಸೆಸರಿಗೆ ಕೊಡೋದು, ಪ್ರೊಸೆಸರ್ ಕೊಟ್ಟ ಬೈಟನ್ನು ಬಿಡಿಸಿ ತಂತಿಗೆ ಹಾಕೋದು, ಇದು ಯುವಾರ್ಟಿನ ಕೆಲಸ. ಪ್ರತಿ ಬೈಟಿಗೆ ಮುಂದೊಂದು ಸ್ಟಾರ್ಟ್ ಬಿಟ್, ಹಿಂದೊಂದು ಸ್ಟಾಪ್ ಬಿಟ್ ಸೇರಿ ಒಟ್ಟು ಹತ್ತು ಬಿಟ್. ಹಾಗಾಗಿ 9600 ಬಾಡ್ ಅಂದರೆ ಸೆಕೆಂಡಿಗೆ 960 ಅಕ್ಷರ, ಒಂದೊಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಚೂರು ಹೆಚ್ಚು. ಅದೇ 115200 ಆದರೆ ಸೆಕೆಂಡಿಗೆ 11520 ಅಕ್ಷರ, ಒಂದಕ್ಕೆ ಸುಮಾರು 87 ಮೈಕ್ರೋಸೆಕೆಂಡು.

ಈಗ ಉಡುಪಿ ಹೋಟೆಲಿನ ಅಡುಗೆಮನೆ ಕಿಟಕಿಯನ್ನು ನೆನಪಿಸಿಕೊಳ್ಳಿ. ಒಳಗೆ ಭಟ್ಟರು ದೋಸೆ ಹೊಯ್ಯುತ್ತಿದ್ದಾರೆ, ಅದು ಯುವಾರ್ಟ್. ಹೊರಗೆ ಮಾಣಿ, ಅದು ಪ್ರೊಸೆಸರ್. ದೋಸೆ ಆದ ತಕ್ಷಣ ಕಿಟಕಿಯಲ್ಲಿಟ್ಟು ಭಟ್ಟರು ಗಂಟೆ ಬಾರಿಸ್ತಾರೆ, ಅದಕ್ಕೆ ಇಂಟರಪ್ಟ್ ಅಂತ ಹೆಸರು. ಮಾಣಿ ತನ್ನ ಕೈಕೆಲಸ ಬಿಟ್ಟು ಬಂದು ತಟ್ಟೆ ಎತ್ತಿಕೊಂಡು ಹೋಗಬೇಕು. ಹಳೇ 8250, 16450 ಚಿಪ್ಪುಗಳ ಕಿಟಕಿಯಲ್ಲಿ ಒಂದೇ ತಟ್ಟೆಗೆ ಜಾಗ. ಭಟ್ಟರು ಯಾರಿಗೂ ಕಾಯೋರಲ್ಲ. ಮುಂದಿನ ದೋಸೆ ಆಗುವುದರೊಳಗೆ ಮಾಣಿ ಬರಲಿಲ್ಲ ಅಂದರೆ, ಹಳೇ ದೋಸೆ ಇದ್ದ ಜಾಗಕ್ಕೇ ಹೊಸದನ್ನು ಹಾಕಿಬಿಡ್ತಾರೆ. ಹಳೇದು ಇತ್ತು ಅನ್ನೋ ಗುರುತೂ ಇಲ್ಲ. ಇದಕ್ಕೆ ಓವರ್‌ರನ್ ಅಂತಾರೆ. ಭಟ್ಟರು ಪ್ರಾಮಾಣಿಕರು, ದೋಸೆ ಹಾಳಾದಾಗ ಗೋಡೆ ಮೇಲೆ ಒಂದು ಗೀಟು ಎಳೀತಾರೆ, ಅಂದರೆ ಲೈನ್ ಸ್ಟೇಟಸ್ ರಿಜಿಸ್ಟರಿನಲ್ಲಿ ಓವರ್‌ರನ್ ಬಿಟ್ ಮೇಲೇಳುತ್ತೆ. ಆದರೆ ಎಷ್ಟೋ ಹಳೇ ಪ್ರೋಗ್ರಾಮುಗಳು ಆ ಗೋಡೆ ಕಡೆ ತಿರುಗಿಯೂ ನೋಡಲ್ಲ.

ಗೆಳತಿಯ ಲ್ಯಾಬಿನ ಸುಳಿವು ಇಲ್ಲೇ ಇತ್ತು. ಅಂಕಿ ಕಾಣೆಯಾಗುತ್ತಿದ್ದದ್ದು ಬೇಕಾಬಿಟ್ಟಿಯಾಗಿ ಅಲ್ಲ, ಹಾರ್ಡ್‌ಡಿಸ್ಕ್ ದೀಪ ಮಿನುಗಿದಾಗ. 9600 ಬಾಡಿನಲ್ಲಿ ಮಾಣಿಗೆ ಸಿಗೋ ಸಮಯ ಒಂದು ಮಿಲಿಸೆಕೆಂಡು. ಆಗಿನ ಡಿಸ್ಕ್ ಡ್ರೈವರುಗಳು ಬರೆಯುವಾಗ ಅಷ್ಟು ಹೊತ್ತು ಬೇರೆ ಇಂಟರಪ್ಟುಗಳಿಗೆ ಕಿವಿ ಮುಚ್ಚಿಕೊಂಡು ಕೂರೋದು ಅಪರೂಪವೇನಲ್ಲ. ಡಾಸಿನಲ್ಲಿ ಸ್ಮಾರ್ಟ್‌ಡ್ರೈವ್ ಇದ್ದರೆ ಇನ್ನೂ ಮಜಾ. ಬರೆಯಬೇಕಾದ್ದನ್ನು ಹಿಡಿದಿಟ್ಟುಕೊಂಡು, ನೀವು ಅಂದುಕೊಳ್ಳದ ಹೊತ್ತಿನಲ್ಲಿ ಒಟ್ಟಿಗೇ ಬರೆಯೋಕೆ ಹೋಗುತ್ತೆ.

16550ಎ ಅನ್ನೋ ಚಿಪ್ ಬಂದು ಕಿಟಕಿಯನ್ನು ಅಗಲ ಮಾಡಿತು. ಬರುವ ಕಡೆ ಹದಿನಾರು ತಟ್ಟೆಗೆ ಜಾಗ, ಹೋಗುವ ಕಡೆಯೂ ಹದಿನಾರು. ಮೊದಲು ಬಂದದ್ದು ಮೊದಲು ಹೊರಗೆ ಹೋಗುವ ಈ ಸಾಲಿಗೆ ಫೈಫೋ ಅಂತ ಹೆಸರು. ಎಷ್ಟು ತಟ್ಟೆ ತುಂಬಿದಾಗ ಗಂಟೆ ಹೊಡೆಯಬೇಕು ಅಂತಲೂ ಹೇಳಬಹುದು: 1, 4, 8 ಅಥವಾ 14. ಹದಿನಾಲ್ಕಕ್ಕೆ ಇಟ್ಟರೆ 115200ರಲ್ಲೂ ಸೆಕೆಂಡಿಗೆ ಸುಮಾರು 823 ಗಂಟೆ ಸಾಕು, ಇಲ್ಲದಿದ್ದರೆ 11520. ನಾಲ್ಕೇ ತಟ್ಟೆ ಬಂದು ಭಟ್ಟರು ಸುಮ್ಮನಾದರೆ? ಅದಕ್ಕೂ ಏರ್ಪಾಡಿದೆ. ನಾಲ್ಕು ಅಕ್ಷರದಷ್ಟು ಹೊತ್ತು ಹೊಸದೇನೂ ಬರದೇ, ಇದ್ದದ್ದನ್ನು ಯಾರೂ ಎತ್ತದೇ ಇದ್ದರೆ ಟೈಮ್‌ಔಟ್ ಅಂತ ತಾನೇ ಗಂಟೆ ಹೊಡೆಯುತ್ತೆ. ಆದ್ದರಿಂದ ಕೊನೆಯ ಅಕ್ಷರಗಳು ಒಳಗೇ ಉಳಿದು ತಂಗಳಾಗಲ್ಲ.

ಒಂದು ಮಾತು. 14 ಅನ್ನೋದು ದೊಡ್ಡ ಸಂಖ್ಯೆ, ಹಾಗಾಗಿ ಅದೇ ಒಳ್ಳೇದು ಅಂತ ಎಲ್ಲರೂ ಇಡ್ತಾರೆ. ಗಂಟೆ ಹೊಡೆದಮೇಲೆ ಉಳಿಯೋದು ಎರಡೇ ತಟ್ಟೆಯ ಜಾಗ ಅನ್ನೋದನ್ನು ಮರೀತಾರೆ. ಮಾಣಿ ಚುರುಕಾಗಿದ್ದರೆ 14 ಇಡಿ, ನಿಧಾನದವನಾದರೆ 8 ಅಥವಾ 4. ಹಳೇ 486ಗೆ ನನ್ನ ಓಟು 8ಕ್ಕೆ.

ವಂಶಾವಳಿ, ಬೇಗ ಬೇಗ

ಯುವಾರ್ಟಿನ ಕಲ್ಪನೆ 1960ರ ದಶಕದ್ದು, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗಾರ್ಡನ್ ಬೆಲ್ ಅವರ ಹೆಸರಿಗೆ ಸಲ್ಲುತ್ತೆ. 1981ರ ಐಬಿಎಂ ಪಿಸಿಯ ಸೀರಿಯಲ್ ಕಾರ್ಡಿನಲ್ಲಿ ಇದ್ದದ್ದು ನ್ಯಾಷನಲ್ ಸೆಮಿಕಂಡಕ್ಟರಿನ 8250. 1984ರ ಪಿಸಿ ಎಟಿಗೆ 16450 ಬಂತು, ಕೆಲಸ ಅದೇ, ಆದರೆ ವೇಗದ ಬಸ್ಸಿನ ಜೊತೆ ಹೊಂದಿಕೊಳ್ಳುತ್ತೆ. 1987ರ ಪಿಎಸ್/2 ಸಾಲಿನಲ್ಲಿ 16550 ಬಂತು, ಫೈಫೋ ಜೊತೆಗೆ. ಆ ಫೈಫೋನಲ್ಲೇ ದೋಷವಿತ್ತು. ಅದನ್ನು ಸರಿಪಡಿಸಿದ್ದು 16550ಎ. ಅಂದರೆ ಕೊನೆಯ ಒಂದೇ ಒಂದು ಅಕ್ಷರ, ಆ "ಎ", ಇಲ್ಲಿ ಬಹಳ ಮುಖ್ಯ. ಚಿಪ್ಪಿನ ಮೇಲೆ 16550ಎಎಫ್‌ಎನ್ ಅಂತ ಇದ್ದರೆ ಖುಷಿಪಡಿ. ಬರೀ 16550 ಅಂತ ಇದ್ದರೆ ಅದನ್ನು 16450 ಅಂತಲೇ ಭಾವಿಸಿ, ಫೈಫೋ ಮುಟ್ಟಬೇಡಿ. ಲಿನಕ್ಸ್ ಕೂಡ ಹಾಗೇ ಮಾಡುತ್ತೆ. ಆಮೇಲೆ 32 ಬೈಟಿನ 16650, 64 ಬೈಟಿನ 16750, 128 ಬೈಟಿನ 16950 ಎಲ್ಲಾ ಬಂದವು. ನಿಮ್ಮ ಮೂಲೆಯ ಪಿಸಿಯಲ್ಲಿ ಅವು ಇರೋ ಸಾಧ್ಯತೆ ಕಡಿಮೆ.

8250 ಬಗ್ಗೆ ಒಂದು ತಮಾಷೆ ಇದೆ. ಅದರ ಇಂಟರಪ್ಟ್ ನಡತೆಯಲ್ಲಿ ಒಂದು ಲೋಪವಿತ್ತು. ಆಗಿನ ಬಯಾಸ್ ಆ ಲೋಪಕ್ಕೇ ಒಗ್ಗಿಕೊಂಡುಬಿಟ್ಟಿತ್ತು. ಲೋಪ ಸರಿಮಾಡಿದ ಚಿಪ್ ಹಾಕಿದರೆ ಹಳೇ ಯಂತ್ರ ತಕರಾರು ಮಾಡುತ್ತಿತ್ತು. ಕುಂಟೋ ಎತ್ತಿಗೆ ಹೊಂದಿಕೊಂಡ ಗಾಡಿ, ಒಳ್ಳೇ ಎತ್ತು ಕಟ್ಟಿದರೆ ಹಳ್ಳಕ್ಕೆ ಬೀಳುತ್ತೆ ಅನ್ನೋ ಹಾಗೆ. ಹಾಗಾಗಿ ಅಸಲಿ ಪಿಸಿ ಅಥವಾ ಎಕ್ಸ್‌ಟಿಯಲ್ಲಿ ಚಿಪ್ ಬದಲಿಸುವ ಮುಂಚೆ ಎರಡು ಸಲ ಯೋಚಿಸಿ. ಇದರ ತಿರುಗುಮುರುಗು ಕೂಡ ನಿಜ. ನಿಧಾನದ 8250 ಇರುವ ಕಾರ್ಡನ್ನು ವೇಗದ 386ಗೆ ಚುಚ್ಚಿದರೆ, ಬೆನ್ನುಬೆನ್ನಿಗೆ ಬರುವ ಓದು-ಬರಹಗಳನ್ನು ತಾಳಲಾರದೆ ಆಗೊಮ್ಮೆ ಈಗೊಮ್ಮೆ ಎಡವುತ್ತೆ.

ಮೊದಲು ಚಿಪ್ಪಿನದೇ ತಪ್ಪಾ ಅಂತ ನೋಡಿ

ಚಿಪ್ ಕೀಳೋಕೆ ಸ್ಕ್ರೂ ಡ್ರೈವರ್ ಎತ್ತಿಕೊಳ್ಳುವ ಮುಂಚೆ ರೋಗಲಕ್ಷಣ ವಿಚಾರಿಸಬೇಕು. ಬಂದದ್ದೆಲ್ಲಾ ಪೂರ್ತಿ ಕಸವಾಗಿದ್ದರೆ ಬಾಡ್ ದರವೋ, ಪ್ಯಾರಿಟಿಯೋ ಎರಡು ಕಡೆ ಬೇರೆ ಬೇರೆ ಇದೆ, ಚಿಪ್ ನಿರಪರಾಧಿ. ಏನೂ ಬರಲೇ ಇಲ್ಲ ಅಂದರೆ ಕೇಬಲ್ ನೋಡಿ. ನೇರ ಕೇಬಲ್ ಬೇಕಾದಲ್ಲಿ ನಲ್ ಮೋಡೆಮ್ ಕೇಬಲ್, ಅಥವಾ ಅದರ ಉಲ್ಟಾ, ಸಿಕ್ಕಾಪಟ್ಟೆ ಸಾಮಾನ್ಯ. ಒಂಬತ್ತು ಪಿನ್ನಿನ ಪೋರ್ಟಿನಲ್ಲಿ 2 ಮತ್ತು 3ನೇ ಪಿನ್ನನ್ನು ಒಂದು ತಂತಿ ತುಂಡಿನಿಂದ ಸೇರಿಸಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ ಫ್ಲೋ ಕಂಟ್ರೋಲ್ ಆಫ್ ಮಾಡಿ ಟೈಪ್ ಮಾಡಿ. ಟೈಪ್ ಮಾಡಿದ್ದು ಪರದೆ ಮೇಲೆ ವಾಪಸ್ ಬಂದರೆ ಪಿಸಿ ಕಡೆ ಬದುಕಿದೆ ಅಂತ ಅರ್ಥ.

ಕಳಿಸೋದು ಆಗುತ್ತೆ, ಬರೋದು ಆಗಲ್ಲ, ಅಥವಾ ಮೋಡೆಮ್ ಹಚ್ಚಿದ ತಕ್ಷಣ ಮೌಸ್ ಕಲ್ಲಾಗುತ್ತೆ ಅಂದರೆ ಅದು ಇಂಟರಪ್ಟ್ ಜಗಳ. ಪಿಸಿಯ ಲೆಕ್ಕ ಹೀಗಿದೆ: ಕಾಮ್1ರ ವಿಳಾಸ 3ಎಫ್8, ಇಂಟರಪ್ಟ್ 4. ಕಾಮ್2ರ ವಿಳಾಸ 2ಎಫ್8, ಇಂಟರಪ್ಟ್ 3. ಕಾಮ್3ರ ವಿಳಾಸ 3ಇ8, ಇಂಟರಪ್ಟ್ ಮತ್ತೆ 4. ಕಾಮ್4ರ ವಿಳಾಸ 2ಇ8, ಇಂಟರಪ್ಟ್ ಮತ್ತೆ 3. ವಿಳಾಸ ನಾಲ್ಕು, ಗಂಟೆ ಎರಡೇ. ಐಎಸ್‌ಎ ಬಸ್ಸಿನಲ್ಲಿ ಎರಡು ಕಾರ್ಡುಗಳು ಒಂದೇ ಗಂಟೆಯನ್ನು ನೆಮ್ಮದಿಯಾಗಿ ಹಂಚಿಕೊಳ್ಳಲ್ಲ. ಕಾಮ್1ರಲ್ಲಿ ಮೌಸ್ ಇದ್ದಾಗ ಉಪಕರಣವನ್ನು ಕಾಮ್3ಕ್ಕೆ ಹಾಕಬೇಡಿ, ಕಾಮ್2ಕ್ಕೆ ಹಾಕಿ. ಕಾಮ್4ಕ್ಕೆ ಇನ್ನೊಂದು ಗ್ರಹಚಾರ ಇದೆ. ಕೆಲವು ವಿಡಿಯೋ ಕಾರ್ಡುಗಳು, ಅದರಲ್ಲೂ ಎಸ್3 ಚಿಪ್ಪಿನವು, 2ಇ8 ವಿಳಾಸವನ್ನು ತಮ್ಮದೂ ಅಂದುಕೊಳ್ಳುತ್ತವೆ.

ಎಲ್ಲಾ ಸರಿಯಾಗಿ ಬರುತ್ತೆ, ಆದರೆ ಅಲ್ಲೊಂದು ಇಲ್ಲೊಂದು ಅಕ್ಷರ ಬಿದ್ದು ಹೋಗುತ್ತೆ, ಬಾಡ್ ದರ ಇಳಿಸಿದರೆ ಕಡಿಮೆಯಾಗುತ್ತೆ, ಪಿಸಿ ಬೇರೆ ಕೆಲಸದಲ್ಲಿದ್ದಾಗ ಜಾಸ್ತಿಯಾಗುತ್ತೆ. ಹೀಗಿದ್ದರೆ ಮಾತ್ರ ಚಿಪ್ ಮೇಲೆ ಅನುಮಾನ ಪಡಿ.

ಡೀಬಗ್ ಹೇಳುವ ನಿಜ

ಮೈಕ್ರೋಸಾಫ್ಟಿನ ಎಂಎಸ್‌ಡಿ ಅನ್ನೋ ಪ್ರೋಗ್ರಾಮ್ ಚಿಪ್ಪಿನ ಹೆಸರು ತೋರಿಸುತ್ತೆ. ಅದನ್ನು ವಿಂಡೋಸ್ ಒಳಗಿಂದ ಓಡಿಸಬೇಡಿ, ಪೋರ್ಟ್ ನಡುವೆ ವಿಂಡೋಸ್ ನಿಂತಿರುತ್ತೆ. ಅದಕ್ಕಿಂತ ಡೀಬಗ್ ಮೂಲಕ ನಾವೇ ಚಿಪ್ಪನ್ನು ಕೇಳೋದು ನನಗೆ ಇಷ್ಟ. ಡಾಸಿನ ಜೊತೆಗೇ ಬರುತ್ತೆ, ಡೌನ್‌ಲೋಡ್ ಗೋಜಿಲ್ಲ. ವಿಂಡೋಸ್ 95 ಇದ್ದರೆ ಎಂಎಸ್-ಡಾಸ್ ಮೋಡಿಗೆ ರೀಸ್ಟಾರ್ಟ್ ಮಾಡಿ. ನೀವು ಕೆಣಕುವ ಪೋರ್ಟಿನಲ್ಲಿ ಮೌಸ್ ಇರಬಾರದು, ಉಪಕರಣದ ಕೇಬಲ್ ಬಿಚ್ಚಿರಬೇಕು.

ಡೀಬಗ್ ಅಂತ ಟೈಪ್ ಮಾಡಿದರೆ ಒಂದು ಅಡ್ಡಗೆರೆ ಬಂದು ನಿಲ್ಲುತ್ತೆ. ಮೊದಲು "ಡಿ 40:0" ಅಂತ ಕೊಡಿ (ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ, ಇಲ್ಲಿ ಓದೋಕೆ ಹೀಗೆ ಬರೆದಿದ್ದೀನಿ). ಮೊದಲ ಸಾಲಿನಲ್ಲಿ "ಎಫ್8 03 ಎಫ್8 02" ಅಂತ ಕಂಡರೆ ಬಯಾಸಿಗೆ ಎರಡು ಪೋರ್ಟ್ ಸಿಕ್ಕಿವೆ ಅಂತ. ವಿಳಾಸ ಹಿಂದುಮುಂದಾಗಿ ಬರೆದಿರುತ್ತೆ, 3ಎಫ್8 ಮತ್ತು 2ಎಫ್8 ಅಂತ ಓದಿಕೊಳ್ಳಿ. ಕಾಮ್3, ಕಾಮ್4 ಇದ್ದರೂ ಹಳೇ ಬಯಾಸುಗಳು ಅವನ್ನು ಹುಡುಕಲ್ಲ, ಅಲ್ಲಿ ಸೊನ್ನೆ ಇದ್ದರೆ ಗಾಬರಿ ಬೇಡ.

ಈಗ ಕಾಮ್1 ನೋಡೋಣ. ಚಿಪ್ಪಿನ ಫೈಫೋ ಸ್ವಿಚ್ಚು ಮೂಲ ವಿಳಾಸಕ್ಕೆ ಎರಡು ಕೂಡಿಸಿದಲ್ಲಿ, ಅಂದರೆ 3ಎಫ್ಎದಲ್ಲಿ ಇರುತ್ತೆ. "ಓ 3ಎಫ್ಎ 1" ಅಂತ ಕೊಡಿ, ಫೈಫೋ ಹಚ್ಚು ಅಂತ ಅರ್ಥ. ಆಮೇಲೆ "ಐ 3ಎಫ್ಎ" ಅಂತ ಕೊಟ್ಟು ಅದೇ ಜಾಗದಿಂದ ಓದಿ. ಬರೆಯುವಾಗ ಒಂದು ರಿಜಿಸ್ಟರ್, ಓದುವಾಗ ಇನ್ನೊಂದು, ಬಾಗಿಲು ಮಾತ್ರ ಒಂದೇ. ಉತ್ತರದ ಮೊದಲ ಅಂಕಿ ಮುಖ್ಯ. ಸಿ1 ಅಂತ ಬಂದರೆ 16550ಎ ಅಥವಾ ಅದಕ್ಕೆ ಹೊಂದುವ ಚಿಪ್. 81 ಅಂತ ಬಂದರೆ ದೋಷವಿರುವ ಹಳೇ 16550. 01 ಅಂತ ಬಂದರೆ ಫೈಫೋ ಇಲ್ಲದ 8250 ಅಥವಾ 16450. ಎಫ್ಎಫ್ ಅಂತ ಬಂದರೆ ಆ ವಿಳಾಸದಲ್ಲಿ ಚಿಪ್ಪೇ ಇಲ್ಲ ಅಂತ ತಿಳಿಯಿರಿ. ಬಯಾಸಿನಲ್ಲಿ ಪೋರ್ಟ್ ಡಿಸೇಬಲ್ ಆಗಿರಬಹುದು, ಕಾರ್ಡಿನ ಜಂಪರ್ ಬೇರೆ ಕಡೆ ಇರಬಹುದು. ನೋಡಿ ಆದಮೇಲೆ "ಓ 3ಎಫ್ಎ 0" ಅಂತ ಫೈಫೋ ಆರಿಸಿಬಿಡಿ.

01 ಬಂದವರು ಇನ್ನೊಂದು ಪ್ರಶ್ನೆ ಕೇಳಬಹುದು. "ಓ 3ಎಫ್ಎಫ್ 5ಎ" ಅಂತ ಬರೆದು "ಐ 3ಎಫ್ಎಫ್" ಅಂತ ಓದಿ. ಅದು ಗೀಚುಹಾಳೆಯ ಥರದ ರಿಜಿಸ್ಟರ್. ಬರೆದ 5ಎ ಹಾಗೇ ವಾಪಸ್ ಬಂದರೆ 16450 ಅಥವಾ 8250ಎ. ಬರದಿದ್ದರೆ ಹಳೇ 8250. ಹೊರಬರೋಕೆ ಕ್ಯೂ ಒತ್ತಿ.

ಆ ಪಿಸಿಯಲ್ಲಿ ಲಿನಕ್ಸ್ ಇದ್ದರೆ ಕೆಲಸ ಸುಲಭ. ಬೂಟ್ ಸಂದೇಶಗಳಲ್ಲೇ ಪ್ರತಿ ಪೋರ್ಟಿನ ಚಿಪ್ ಹೆಸರು ಬರುತ್ತೆ. /ಪ್ರಾಕ್/ಟಿಟಿವೈ/ಡ್ರೈವರ್/ಸೀರಿಯಲ್ ಅನ್ನೋ ಫೈಲಿನಲ್ಲಿ "ಓಇ" ಅಂತ ಕಂಡರೆ ಅದೇ ಓವರ್‌ರನ್ ಲೆಕ್ಕ, ಭಟ್ಟರು ಎಳೆದ ಗೀಟುಗಳನ್ನು ಯಾರೋ ಒಬ್ಬರು ಎಣಿಸಿಟ್ಟಿದ್ದಾರೆ ಅಂತಾಯ್ತು. ಸೆಟ್‌ಸೀರಿಯಲ್ ಹೇಳಿದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಹಿಂದೆ ಯಾರಾದರೂ ಕೈಯಾರೆ ಚಿಪ್ ಹೆಸರು ಕೊಟ್ಟಿದ್ದರೆ ಅದು ಅದನ್ನೇ ಗಿಳಿಪಾಠ ಒಪ್ಪಿಸುತ್ತೆ.

ಚಿಪ್ ಬದಲಿಸೋದು

ಗೆಳತಿಯ ಪಿಸಿಯಲ್ಲಿ ಬಂದದ್ದು 01, ಆಮೇಲೆ 5ಎ. ಅಂದರೆ 16450. ಕೇಸ್ ತೆಗೆದರೆ ಒಂದು ಐಎಸ್‌ಎ ಕಾರ್ಡಿನ ಮೇಲೆ ನಲವತ್ತು ಕಾಲಿನ, ಜರಿಹುಳದಂಥ ಎರಡು ಕಪ್ಪು ಚಿಪ್ಪು, ಸಾಕೆಟ್ಟಿನಲ್ಲಿ ಕೂತಿದ್ದವು. ಸಾಕೆಟ್ ಇರೋದು ಅದೃಷ್ಟ. ಯಾಕಂದ್ರೆ 16450 ಕೂತ ಜಾಗದಲ್ಲಿ 16550ಎ ಹಾಗೇ ಕೂರುತ್ತೆ. ನಲವತ್ತರಲ್ಲಿ 24 ಮತ್ತು 29ನೇ ಕಾಲಿನ ಕೆಲಸ ಮಾತ್ರ ಬೇರೆ, ಸಾಮಾನ್ಯ ಪಿಸಿ ಕಾರ್ಡುಗಳಲ್ಲಿ ಅವೆರಡನ್ನೂ ಬಳಸಿರಲ್ಲ. ಕಾರ್ಡಿಗೆ ನೇರ ಬೆಸುಗೆ ಹಾಕಿದ್ದರೆ ಆ ಸಾಹಸ ಬೇಡ, 16550ಎ ಇರುವ ಇನ್ನೊಂದು ಐಎಸ್‌ಎ ಕಾರ್ಡ್ ಹುಡುಕಿ, ಹಳೇ ಪೋರ್ಟನ್ನು ಜಂಪರಿನಿಂದ ಆರಿಸಿ. 1990ರ ದಶಕದ ನಡುವಿನ ನಂತರದ ಮದರ್‌ಬೋರ್ಡಾದರೆ ಯುವಾರ್ಟ್ ಪ್ರತ್ಯೇಕವಾಗಿ ಕಾಣೋದೇ ಇಲ್ಲ, ಫ್ಲಾಪಿ, ಪ್ರಿಂಟರ್ ಪೋರ್ಟಿನ ಜೊತೆ ಸೂಪರ್ ಐ/ಓ ಅನ್ನೋ ಒಂದೇ ಚಿಪ್ಪಿನೊಳಗೆ ಸೇರಿರುತ್ತೆ. ಅದರಲ್ಲಿ ಸಾಮಾನ್ಯವಾಗಿ ಫೈಫೋ ಇದ್ದೇ ಇರುತ್ತೆ.

ಬೆಂಗಳೂರಿನಲ್ಲಿದ್ದಿದ್ದರೆ ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ ಸುತ್ತಿ, ಕಾಫಿ ಕುಡಿದು, ಚಿಪ್ ಹಿಡಿದುಕೊಂಡು ಬರಬಹುದಿತ್ತು. ಇಲ್ಲಿ ಅಮೆರಿಕದಲ್ಲಿ ಯೂನಿವರ್ಸಿಟಿಯ ಸರ್‌ಪ್ಲಸ್ ಸ್ಟೋರ್ ನಮ್ಮ ಎಸ್.ಪಿ. ರೋಡ್. ಡಿಪಾರ್ಟ್‌ಮೆಂಟುಗಳು ಬಿಸಾಕಿದ ಪಿಸಿಗಳ ಒಳಗೆ ಒಳ್ಳೇ ಸೀರಿಯಲ್ ಕಾರ್ಡುಗಳು ಸಿಗುತ್ತವೆ. ಆನ್‌ಲೈನಿನಲ್ಲಿ ಬಿಡಿ ಚಿಪ್ ತರಿಸಿದರೆ ಮೇಲಿನ ಹೆಸರು ಅಳಿಸಿ ಬೇರೆ ಹೆಸರು ಬರೆದ ನಕಲಿಗಳು ಇರುತ್ತವೆ, ಹಾಕಿದ ತಕ್ಷಣ ಡೀಬಗ್ ಪರೀಕ್ಷೆ ಮಾಡಿ. ಸಿ1 ಬರದಿದ್ದರೆ ವಾಪಸ್ ಕಳಿಸಿ.

ಕೀಳುವಾಗ ಪವರ್ ಕೇಬಲ್ ತೆಗೆದಿರಲಿ, ಕೈಯಲ್ಲಿ ಸ್ಟ್ಯಾಟಿಕ್ ಇಲ್ಲದಿರಲಿ. ಇಲ್ಲಿನ ಚಳಿಗಾಲದ ಒಣ ಹವೆಯಲ್ಲಿ ಬಾಗಿಲ ಹಿಡಿಕೆ ಮುಟ್ಟಿದರೂ ಚುರುಕ್ ಅನ್ನುತ್ತಲ್ಲ, ಅದೇ ಕಿಡಿ ಚಿಪ್ಪಿಗೆ ಸಿಡಿಲು. ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪ ಎಬ್ಬಿಸಿ. ಹೊಸದರ ತಲೆಯಲ್ಲಿರುವ ಕಚ್ಚು ಹಳೇದರ ಕಚ್ಚು ಇದ್ದ ಕಡೆಗೇ ಬರಬೇಕು. ಯಾವ ಕಾಲೂ ಹೊಟ್ಟೆ ಕೆಳಗೆ ಮಡಿಚಿಕೊಂಡಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿ.

ಇಷ್ಟಾದಮೇಲೆ ಎಲ್ಲರೂ ಎಡವೋ ಜಾಗ ಬರುತ್ತೆ. 16550ಎ ಪವರ್ ಆನ್ ಆದಾಗ 16450ರ ವೇಷದಲ್ಲೇ ಏಳುತ್ತೆ. ಯಾರಾದರೂ ಹೇಳುವ ತನಕ ಫೈಫೋ ಆಫ್. ಹಳೇ ಪ್ರೋಗ್ರಾಮುಗಳಿಗೆ ತೊಂದರೆ ಆಗಬಾರದು ಅಂತ ಬೇಕೆಂದೇ ಮಾಡಿದ್ದು. ಅಂದರೆ ಚಿಪ್ ಬದಲಿಸಿದರೆ ಸಾಲದು, ಸಾಫ್ಟ್‌ವೇರ್ ಅದನ್ನು ಎಬ್ಬಿಸಬೇಕು. ವಿಂಡೋಸ್ 95ರಲ್ಲಿ ಡಿವೈಸ್ ಮ್ಯಾನೇಜರಿಗೆ ಹೋಗಿ, ಕಾಮ್ ಪೋರ್ಟಿನ ಪೋರ್ಟ್ ಸೆಟ್ಟಿಂಗ್ಸ್, ಅದರಲ್ಲಿ ಅಡ್ವಾನ್ಸ್ಡ್ ಒತ್ತಿದರೆ ಫೈಫೋ ಬಫರ್ ಬಳಸು ಅನ್ನೋ ಟಿಕ್ ಸಿಗುತ್ತೆ. ಅದರ ಕೆಳಗೆ ಎಳೆಯೋ ಗುಬಟು. ಬರುವ ಕಡೆಯದನ್ನು ಮಧ್ಯಕ್ಕೆ ಇಡಿ. ಗೆಳತಿಯ ಪ್ರೋಗ್ರಾಮ್ ವಿಂಡೋಸಿನ ಡ್ರೈವರ್ ಮೂಲಕವೇ ಪೋರ್ಟ್ ಓದುತ್ತಿದ್ದರಿಂದ ಅಲ್ಲಿಗೆ ಕೆಲಸ ಮುಗೀತು.

ಡಾಸ್ ಪ್ರೋಗ್ರಾಮ್ ಆದರೆ ಅಷ್ಟು ಸರಳವಲ್ಲ. ಅದು ಚಿಪ್ಪನ್ನು ನೇರ ಮುಟ್ಟುತ್ತೆ, ಫೈಫೋ ಅಂದರೇನು ಅಂತ ಅದಕ್ಕೆ ಗೊತ್ತಿಲ್ಲದಿರಬಹುದು. ಪ್ರೋಗ್ರಾಮ್ ಶುರುಮಾಡುವ ಮುಂಚೆ ಡೀಬಗ್‌ನಲ್ಲಿ "ಓ 3ಎಫ್ಎ 1" ಅಂತ ನಾವೇ ಹಚ್ಚಿಬಿಟ್ಟರೆ? ಕೆಲವು ಪ್ರೋಗ್ರಾಮುಗಳು ಅದರಿಂದ ಗೆಲ್ಲುತ್ತವೆ, ಕೆಲವು ನಿಂತೇ ಹೋಗುತ್ತವೆ. ಕಾರಣ ಮಾಣಿಯ ಅಭ್ಯಾಸ. ಒಳ್ಳೇ ಮಾಣಿ ಗಂಟೆ ಕೇಳಿ ಬಂದಮೇಲೆ ಕಿಟಕಿ ಖಾಲಿಯಾಗುವ ತನಕ ತಟ್ಟೆ ಎತ್ತುತ್ತಾನೆ. ಇನ್ನೊಬ್ಬ ಒಂದೇ ತಟ್ಟೆ ಎತ್ತಿಕೊಂಡು ಹೋಗ್ತಾನೆ, ಹಳೇ ಕಿಟಕಿಯಲ್ಲಿ ಒಂದೇ ಇರುತ್ತಿತ್ತಲ್ಲ. ಉಳಿದ ತಟ್ಟೆ ಅಲ್ಲೇ ಇರೋದರಿಂದ ಗಂಟೆಯ ತಂತಿ ಎಳೆದಂತೆಯೇ ಉಳಿಯುತ್ತೆ. ಐಎಸ್‌ಎ ಪಿಸಿಗೆ ಕೇಳಿಸೋದು ತಂತಿ ಎಳೆದ ಕ್ಷಣ ಮಾತ್ರ, ಎಳೆದಿಟ್ಟದ್ದು ಕೇಳಿಸಲ್ಲ. ಅಲ್ಲಿಗೆ ಮಾಣಿ ಮತ್ತೆ ಬರೋದೇ ಇಲ್ಲ. ನಿಮ್ಮ ಪ್ರೋಗ್ರಾಮ್ ಹೀಗೆ ನಿಂತರೆ ಫೈಫೋ ಆರಿಸಿ, ಬೇರೆ ದಾರಿ ಹಿಡಿಯಿರಿ: ಬಾಡ್ ದರವನ್ನು ಎರಡೂ ಕಡೆ 2400ಕ್ಕೆ ಇಳಿಸಿ, ಸ್ಮಾರ್ಟ್‌ಡ್ರೈವ್ ತೆಗೆದುಹಾಕಿ, ಫೈಲನ್ನು ರ್‍ಯಾಮ್ ಡಿಸ್ಕಿಗೆ ಬರೆಸಿ ಕೊನೆಯಲ್ಲಿ ಒಂದೇ ಸಲ ಕಾಪಿ ಮಾಡಿ. ಕಾಪಿ ಮರೆತು ಪವರ್ ಹೋದರೆ ಎಲ್ಲಾ ಹೋಯ್ತು, ಅದು ನೆನಪಿರಲಿ.

ಯುಎಸ್‌ಬಿ ಹಾಕಿದರೆ ಆಗಲ್ವಾ?

ಎಲ್ಲರೂ ಕೇಳೋ ಪ್ರಶ್ನೆ. ಪ್ರೋಗ್ರಾಮ್ ವಿಂಡೋಸಿನ ಮೂಲಕ ಮಾತಾಡೋದಾದರೆ, ಹೊಸ ವಿಂಡೋಸಿನಲ್ಲೂ ಓಡೋದಾದರೆ, ಖಂಡಿತ ಆಗುತ್ತೆ. ಆದರೆ ಯುಎಸ್‌ಬಿ ಕನ್ವರ್ಟರಿಗೆ 3ಎಫ್8 ಅನ್ನೋ ವಿಳಾಸವೇ ಇಲ್ಲ. ನೇರ ಚಿಪ್ ಮುಟ್ಟುವ ಡಾಸ್ ಪ್ರೋಗ್ರಾಮಿಗೆ ಅದು ಕಾಣಿಸೋದೇ ಇಲ್ಲ. ಪಿಸಿಐ ಸೀರಿಯಲ್ ಕಾರ್ಡುಗಳದೂ ಬಹುಪಾಲು ಇದೇ ಕಥೆ. ಡಾಸ್‌ಬಾಕ್ಸಿನಲ್ಲಿ ಡೈರೆಕ್ಟ್‌ಸೀರಿಯಲ್ ಅನ್ನೋ ಸೆಟ್ಟಿಂಗ್ ಇದೆ, ಅದು ಹೊಸ ಪಿಸಿಯ ಕಾಮ್ ಪೋರ್ಟನ್ನು ಹಳೇ ಚಿಪ್ಪಿನಂತೆ ನಟಿಸಿ ತೋರಿಸುತ್ತೆ. ಸುಮ್ಮನೆ ತೂಕ ಓದುವಂಥ ಕೆಲಸಕ್ಕೆ ಪ್ರಯತ್ನ ಮಾಡಲು ಅಡ್ಡಿಯಿಲ್ಲ. ಉತ್ತರಕ್ಕೆ ಇಷ್ಟೇ ಮಿಲಿಸೆಕೆಂಡು ಕಾಯ್ತೀನಿ ಅಂತ ಹಟ ಹಿಡಿಯೋ ಉಪಕರಣವಾದರೆ ಕಷ್ಟ. ಎಫ್‌ಟಿಡಿಐ ಚಿಪ್ಪಿನ ಕನ್ವರ್ಟರುಗಳು ಸಣ್ಣ ಉತ್ತರವನ್ನು 16 ಮಿಲಿಸೆಕೆಂಡಿನವರೆಗೆ ಹಿಡಿದಿಟ್ಟು ಕೊಡುತ್ತವೆ, ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು 1ಕ್ಕೆ ಇಳಿಸಬಹುದು. ಇನ್ನೊಂದು ಎಚ್ಚರಿಕೆ: ಆರ್ಡುಯಿನೋ ಜೊತೆ ಬಳಸುವ ಚಿಕ್ಕ ಯುಎಸ್‌ಬಿ ಬೋರ್ಡುಗಳು 3.3 ಅಥವಾ 5 ವೋಲ್ಟಿನವು. ನಿಜವಾದ ಆರ್‌ಎಸ್-232 ತಂತಿಯಲ್ಲಿ ಮೈನಸ್ ವೋಲ್ಟೇಜೂ ಇರುತ್ತೆ, ಹತ್ತು ಹನ್ನೆರಡು ವೋಲ್ಟಿನ ತನಕ ಹೋಗುತ್ತೆ. ನಡುವೆ ಮ್ಯಾಕ್ಸ್232 ಥರದ ಚಿಪ್ ಇಲ್ಲದೆ ಸೇರಿಸಿದರೆ ಬೋರ್ಡು ಸುಟ್ಟು ಹೋಗಬಹುದು.

ಸರಿಯಾಯ್ತು ಅಂತ ನಂಬೋದು ಯಾವಾಗ

ಐದು ನಿಮಿಷ ನೋಡಿ, ಈಗ ಸೊನ್ನೆ ಬರ್ತಾ ಇದೆ ಅಂತ ಎದ್ದು ಹೋಗಬಾರದು. ಓವರ್‌ರನ್ ಅಪರೂಪದ ಕಾಯಿಲೆ, ಪರೀಕ್ಷೆ ದೀರ್ಘವಾಗಿರಬೇಕು. ಗೆಳತಿ ಮಾಡಿದ್ದು ಹೀಗೆ. ಒಂದು ಲ್ಯಾಪ್‌ಟಾಪನ್ನು ಯುಎಸ್‌ಬಿ ಕನ್ವರ್ಟರ್ ಮತ್ತು ನಲ್ ಮೋಡೆಮ್ ಕೇಬಲ್ ಮೂಲಕ ಹಳೇ ಪಿಸಿಗೆ ಸೇರಿಸಿ, ಕ್ರಮಸಂಖ್ಯೆ ಹಾಕಿದ ಸಾಲುಗಳ ಒಂದು ದೊಡ್ಡ ಫೈಲನ್ನು 9600ರಲ್ಲಿ ಬಿಡುವಿಲ್ಲದೆ ಕಳಿಸಿದಳು. ಅದು ಬರುತ್ತಿದ್ದಾಗ ಹಳೇ ಪಿಸಿಯಲ್ಲಿ ಬೇಕೆಂದೇ ಡಿಸ್ಕಿಗೆ ಕೆಲಸ ಕೊಟ್ಟಳು, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಾಪಿ ಮೇಲೆ ಕಾಪಿ. ಹಳೇ 16450 ಇದ್ದಾಗ ಕಳಿಸಿದ ಫೈಲಿಗೂ ಬಂದ ಫೈಲಿಗೂ ವ್ಯತ್ಯಾಸ ಸಿಕ್ಕಿತು. ಹೊಸ ಚಿಪ್ ಹಾಕಿ ಫೈಫೋ ಹಚ್ಚಿದಮೇಲೆ ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಡಾಸಿನ ಎಫ್‌ಸಿ ಕಮ್ಯಾಂಡಿಗೆ /ಬಿ ಸೇರಿಸಿ ಹೋಲಿಸಿದರೆ ಒಂದು ಬೈಟೂ ಬೇರೆ ಇರಲಿಲ್ಲ. ಚಿಪ್ ಬದಲಿಸುವ ಮುಂಚೆಯೂ ಇದೇ ಪರೀಕ್ಷೆ ಮಾಡಿದ್ದು ಜಾಣತನ. ಇಲ್ಲದಿದ್ದರೆ ವಾಸಿಯಾದದ್ದು ಚಿಪ್ಪಿನಿಂದಲೋ, ಕೇಬಲ್ ಅಲ್ಲಾಡಿಸಿದ್ದರಿಂದಲೋ ಹೇಳೋಕಾಗಲ್ಲ.

ಹಳೇ ಡೇಟಾ ಏನಾಯ್ತು ಅಂತ ಕೇಳ್ತೀರಾ? ಆ ತೂಕದ ಯಂತ್ರ ಪ್ರತಿ ಸಾಲನ್ನೂ ಒಂದೇ ಉದ್ದಕ್ಕೆ ಕಳಿಸುತ್ತೆ, ಅಂಕಿ ಚಿಕ್ಕದಾದರೆ ಮುಂದೆ ಖಾಲಿ ಜಾಗ ತುಂಬುತ್ತೆ. ಅದೃಷ್ಟಕ್ಕೆ ಪಿಸಿ ಪ್ರೋಗ್ರಾಮ್ ಬಂದ ಸಾಲನ್ನು ಹಾಗೇ ಮೂಲ ಫೈಲಿನಲ್ಲಿ ಇಟ್ಟಿತ್ತು. ನಾಲ್ಕು ಸಾಲಿನ ಪೈಥಾನ್ ಬರೆದು ಉದ್ದ ಕಡಿಮೆಯಿದ್ದ ಸಾಲುಗಳನ್ನೆಲ್ಲಾ ಹೊರಗೆ ಹಾಕಿದಳು. ಅವುಗಳಲ್ಲಿ ಕೆಲವು ಸ್ಯಾಂಪಲ್ಲುಗಳು ಇನ್ನೂ ಡಬ್ಬಿಯಲ್ಲಿದ್ದವು, ಮತ್ತೆ ತೂಗಿದಳು. ಆಸಿಡ್ಡಿಗೆ ಹೋಗಿದ್ದವುಗಳ ಸಾಲಿನ ಪಕ್ಕ ಥೀಸಿಸ್ಸಿನ ಟೇಬಲ್ಲಿನಲ್ಲಿ ಈಗ ಒಂದು ಸಣ್ಣ ಗೆರೆ ಇದೆ, ಅಂಕಿ ಇಲ್ಲ. ನಿಮ್ಮ ಉಪಕರಣವೂ ಸಮಾನ ಉದ್ದದ ಸಾಲು ಅಥವಾ ಚೆಕ್‌ಸಮ್ ಕಳಿಸುತ್ತದಾ ಅಂತ ಮ್ಯಾನುಯಲ್ ತೆಗೆದು ನೋಡಿ. ಅನೇಕ ಉಪಕರಣಗಳಲ್ಲಿ ಅದು ಮೆನುವಿನಲ್ಲಿ ಆಫ್ ಆಗಿ ಕೂತಿರುತ್ತೆ.